ಮಾಯಮ್ಮನ ಇಂಗ್ಲಿಷ್ ವಡೆ

ಸುಗ್ಗಿಯ ದಿನಗಳು. ನಿಡಘಟ್ಟದ ಕಣದಲ್ಲಿ ಬೆಳಗಿನಿಂದ ರಾಗಿ ಒಕ್ಕಣೆ ನಡೆದಿತ್ತು. ಗುಂಡುಕಲ್ಲು ಉರುಳುವ ಸದ್ದು ಹಿತ್ತಿಲ ತನಕ ಕೇಳುತ್ತಿತ್ತು. ಅಲ್ಲಿ ಆಳುಗಳಿಗೆಂದು ಅಲಸಂದೆ ವಡೆ ತಟ್ಟಿ ಎಣ್ಣೆಗೆ ಬಿಡುತ್ತಿದ್ದ ಮಾಯಮ್ಮನ ಬಾಯಲ್ಲಿ ಮಾತ್ರ ಇಂಗ್ಲಿಷ್ ಆಡುತ್ತಿತ್ತು.

ಮಂಡ್ಯದ ಬಂಗಲೆಯೊಂದಕ್ಕೆ ಅಡುಗೆಯವಳು ಬೇಕಾಗಿದ್ದಳು. ನಾಲೆ, ಗದ್ದೆ ನೋಡಲು ಬರುವ ಪರದೇಶದವರು ತಟ್ಟೆ ಮುಂದೆ ಕೂತು ಇದೇನು, ಹೇಗೆ ಮಾಡಿದ್ದು ಅಂತ ಕೇಳುತ್ತಾರಂತೆ, ಹೇಳಲು ಬರಬೇಕಂತೆ. ನಾಳೆ ಬರುವ ಸಾಹೇಬ ಒಪ್ಪಿ ಉಂಡರೆ ಕೆಲಸ ಕಾಯಂ. ಗಂಡ ಸತ್ತ ಮೇಲೆ ಕಂಡವರ ಕಣದಲ್ಲಿ ಬೇಯಿಸಿ ಹಾಕುತ್ತಿದ್ದವಳಿಗೆ ತನ್ನದೇ ಒಂದು ಒಲೆ ಸಿಗುವ ಮಾತು ಅದು.

ಕಣದ ಯಜಮಾನರ ಮನೆಯಲ್ಲೇ ಬಾಡಿಗೆಗಿದ್ದ ಸ್ಕೂಲಿನ ಶ್ರೀಮತಿ ಮೇಡಂ ಒಲೆ ಪಕ್ಕ ಮಣೆ ಹಾಕಿಕೊಂಡು ಪಾಠ ಹೇಳುತ್ತಿದ್ದರು.

“ಎಣ್ಣೇಲಿ ಮುಳುಗಿಸಿ ಕರಿದ್ರೆ?”

“ಡೀಪ್ ಫ್ರೈ.”

“ಒಂಚೂರು ಎಣ್ಣೇಲಿ ಹುರಿದ್ರೆ?”

“ಅದೂ ಫ್ರೈಯೇ. ಅಲ್ಲಾ ಮೇಡಮ್ಮೋರೆ, ಕರಿಯೋದ್ಕೂ ಫ್ರೈ, ಉರಿಯೋದ್ಕೂ ಫ್ರೈ! ಅಷ್ಟು ದೊಡ್ಡ ದೊರೆಗಳ್ಗೆ ಇನ್ನೊಂದು ಮಾತು ಗತಿಯಿಲ್ವಾ?”

ಶ್ರೀಮತಿ ಬಿದ್ದು ಬಿದ್ದು ನಕ್ಕರು. ಹಬೆಯಲ್ಲಿ ಬೆಂದದ್ದು ಸ್ಟೀಮ್ಡ್, ಗರಿಗರಿಯಾದದ್ದು ಕ್ರಿಸ್ಪ್, ಸೀದದ್ದು ಬರ್ನ್ಟ್, ಎಣ್ಣೆ ಕುಡಿದದ್ದು ಆಯ್ಲಿ. ಒಳ್ಳೆಯದೂ ಕೆಟ್ಟದ್ದೂ ಸಂಜೆಯೊಳಗೆ ಬಾಯಿಗೆ ಬಂತು.

ಮಾರನೆಯ ದಿನ ಬಂಗಲೆಯಲ್ಲಿ ಕಡುಬು ಬಡಿಸಿ “ಸ್ಟೀಮ್ಡ್” ಅಂದಳು. ಸಾಹೇಬ ತಲೆದೂಗಿ ತಿಂದ. ಮಾಯಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ವಡೆ ತಂದಿಟ್ಟು “ಡೀಪ್ ಫ್ರೈ” ಅಂದಳು. ಅವನು ಒಂದನ್ನು ಎತ್ತಿಕೊಂಡು ಏನೋ ಕೇಳಿದ. “ವಡೆ ಹೇಗಾಗಿದೆ ಅಂತಾರಮ್ಮ,” ಎಂದರು ಬಂಗಲೆಯ ಉಸ್ತುವಾರಿ ವೆಂಕಟೇಶಮೂರ್ತಿ.

ತಾನು ಮಾಡಿದ್ದನ್ನು ತಾನೇ ಚೆನ್ನಾಗಿದೆ ಅನ್ನುವುದುಂಟೆ? ಊರಲ್ಲಿ ಯಾವ ಹೆಂಗಸೂ ಅನ್ನಳು. ‘ಏನೋ ಸೀದೋಗ್ಯದೆ, ಎಣ್ಣೆ ಕುಡ್ದದೆ, ಉಣ್ಣಿ’ ಅಂತಲೇ ಬಡಿಸಬೇಕು. ‘ಇಲ್ಲ ಕಣವ್ವ, ಅಮೃತ’ ಅಂತ ಉಂಡವರು ಹೇಳಬೇಕು. ಮಾಯಮ್ಮ ಸೆರಗು ಸರಿಮಾಡಿಕೊಂಡು, ನಾಚುತ್ತ, “ಬರ್ನ್ಟ್... ಆಯ್ಲಿ” ಅಂದಳು.

ಸಾಹೇಬ ವಡೆಯನ್ನು ಮೆಲ್ಲಗೆ ತಟ್ಟೆಗಿಳಿಸಿದ.

“ನಿನ್ನ ಅನ್ನಕ್ಕೆ ನೀನೇ ಕಲ್ಲು ಹಾಕ್ಕೊಂಡೆಯಲ್ಲಮ್ಮ!” ಅಂದರು ವೆಂಕಟೇಶಮೂರ್ತಿ.

ಮಾಯಮ್ಮ ಮರುಗಳಿಗೆಗೆ ಮುಂದೆ ನುಗ್ಗಿ, ವಡೆಯೊಂದನ್ನು ತೆಗೆದು ಸಾಹೇಬನ ಕಿವಿ ಹತ್ತಿರ ಲಟಕ್ಕನೆ ಮುರಿದಳು.

“ಕೇಳು ಸ್ವಾಮಿ! ಕ್ರಿಸ್ಪ್! ಕ್ರಿಸ್ಪ್! ನನ್ ವಡೆ ಚೆಂದಾಗೇ ಅದೆ, ದಿಷ್ಟಿ ಆದ್ರೆ ಆಗ್ಲಿ!”

ಸಾಹೇಬ ಹೊಟ್ಟೆ ಹಿಡಿದು ನಕ್ಕ. ಮುರಿದ ತುಂಡನ್ನೇ ಬಾಯಿಗೆ ಹಾಕಿಕೊಂಡ. ಆಮೇಲೆ ತಟ್ಟೆಯನ್ನೇ ಬರಿದು ಮಾಡಿದ. “ಸೋಮವಾರದಿಂದ ಬಂದ್ಬಿಡಮ್ಮ,” ಅಂದರು ವೆಂಕಟೇಶಮೂರ್ತಿ.

ಸಂಜೆ ಬಸ್ಸಿಳಿದವಳೇ ಓಡಿಬಂದು ಶ್ರೀಮತಿಯ ಕೈ ಹಿಡಿದುಕೊಂಡಳು. “ಸಿಕ್ತು ಮೇಡಮ್ಮೋರೆ, ಸಿಕ್ತು! ಕಲಿಸಿದ್ಕೆ ಏನ್ ಕೊಡ್ಲಿ?”

“ಏನೂ ಬೇಡ ಮಾಯಮ್ಮ.”

“ರುಣ ಮಡೀಕಂಡು ಊರು ಬುಡಾಕಿಲ್ಲ ಕಣಮ್ಮ ನಾನು. ಅಂಗೈ ಚಾಚಿ ಇಲ್ಲಿ.”

ಬೆಳಿಗ್ಗೆ ರುಬ್ಬಿ ಉಳಿಸಿಟ್ಟಿದ್ದ ಅಲಸಂದೆ ಹಿಟ್ಟನ್ನು ಶ್ರೀಮತಿಯ ಅಂಗೈಗೆ ಹಾಕಿದಳು. ಎಷ್ಟು ಗಟ್ಟಿಯಿದ್ದರೆ ವಡೆ ಎಣ್ಣೆ ಕುಡಿಯುವುದಿಲ್ಲವೆಂದು ಬೆರಳು ಹಿಡಿದು ಒತ್ತಿ ತೋರಿಸಿದಳು. ಅವ್ವ ಕಲಿಸಿದ ಹದ; ಅಲ್ಲಿಯವರೆಗೆ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಶ್ರೀಮತಿ ಬಿಟ್ಟ ವಡೆ ಬಾಣಲೆಯಲ್ಲಿ ಸೊಂಯ್ ಎಂದು ಮೇಲೆದ್ದಾಗ, “ಈಗ ಸರೋಯ್ತು,” ಅಂತ ಕೈ ಕೊಡವಿದಳು.