ಗೋಡೆಯ ಮೇಲೆ ಹರವಿದ ಲಂಗ

ಬೂದಿ ಮಾರಲೆಂದು ಕಡಲಪಾಚಿ ಸುಡುವ ವಾಸನೆ ದಡದಿಂದ ಇಷ್ಟು ದೂರಕ್ಕೂ ಬೆನ್ನಟ್ಟಿ ಬಂದಿತ್ತು. ಚಿಕ್ಕವಳಿದ್ದಾಗ ಅಜೆನೋರ್‌ಗೆ ಬೇಸಿಗೆಯೆಂದರೆ ಇದೇ ವಾಸನೆ: ಉಪ್ಪು, ಕಮಟು, ಅದರ ಅಡಿಯಲ್ಲಿ ಎಲ್ಲೋ ಒಂದಿಷ್ಟು ಸಿಹಿ. ಅಣ್ಣ ಗುಲ್ವೆನ್ ಉದ್ದನೆಯ ಕೋಲಿನಿಂದ ಬೆಂಕಿಯ ಗುಂಡಿಯನ್ನು ಕೆದಕುತ್ತಿದ್ದ. ಅವಳು ಒಣಗಿದ ಪಾಚಿಯನ್ನು ತಬ್ಬಿಕೊಂಡು ತಂದು ಸುರಿಯುತ್ತಿದ್ದಳು. ಸಂಜೆ ಇಬ್ಬರ ಕೂದಲೂ ನಾರುತ್ತಿತ್ತು. ಅವ್ವ ಇಬ್ಬರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. ಗುಲ್ವೆನ್ ಈಗ ಇರುವ ಕಡೆ ಏನು ನಾರುತ್ತದೆಯೋ ಎಂದುಕೊಂಡು ಅಜೆನೋರ್ ಹಾಯಿಯ ಹಗ್ಗವನ್ನು ಇನ್ನೊಂದು ಸುತ್ತು ಬಿಗಿದಳು. ಮುಂದೆ ಬಂಡೆಗಳ ಸಾಲಿನಾಚೆ ಇಂಗ್ಲಿಷರ ಕಾವಲು ಹಡಗು ನಿಂತಿತ್ತು.

"ಏಡಿ ಬುಟ್ಟೀನ ಮೇಲಕ್ಕಿಡು," ಎಂದಳು ಚುಕ್ಕಾಣಿ ಹಿಡಿದು ಕೂತಿದ್ದ ಮಾರಿವೊನ್. "ದಡದಿಂದ ಯಾರಾದ್ರೂ ದುರ್ಬೀನು ಹಾಕಿದ್ರೆ ಏಡೀನೇ ಕಾಣ್ಲಿ."

ಮಾರಿವೊನ್ ಪಕ್ಕದ ಮನೆಯ ವಿಧವೆ. ಅವಳ ಒಬ್ಬನೇ ಮಗ ಮಾಲೊ, ಅಜೆನೋರಳ ಅಣ್ಣ ಗುಲ್ವೆನ್, ಇಬ್ಬರನ್ನೂ ಇಂಗ್ಲಿಷರ ಮೇಲೆ ಯುದ್ಧ ಹೂಡಿದ್ದ ಚಕ್ರವರ್ತಿಯ ನೌಕಾದಳ ಒಂದೇ ದಿನ ಎಳೆದುಕೊಂಡು ಹೋಗಿತ್ತು. ಒಂದೇ ಕಾಳಗದಲ್ಲಿ ಇಬ್ಬರೂ ಇಂಗ್ಲಿಷರ ಕೈಗೆ ಸಿಕ್ಕಿದ್ದರು. ಈಗ ಪ್ಲಿಮತ್ ಬಂದರಿನಲ್ಲಿ, ಕಂಬ ಕಿತ್ತು ಜೈಲು ಮಾಡಿದ ಕೊಳೆತ ಹಡಗೊಂದರ ಹೊಟ್ಟೆಯಲ್ಲಿದ್ದರು. ಹೋದ ಚಳಿಗಾಲದಲ್ಲಿ ಅಲ್ಲಿ ಜ್ವರಕ್ಕೆ ಸತ್ತವರನ್ನು ಕೆಸರಿನಲ್ಲೇ ಹೂಳಿದರಂತೆ. ಇನ್ನೊಂದು ಚಳಿಗಾಲವನ್ನು ಗುಲ್ವೆನ್ ದಾಟುವುದಿಲ್ಲವೆಂದು ಅಜೆನೋರ್‌ಗೆ ಗೊತ್ತಿತ್ತು. ಅವನ ಎದೆಗೆ ಚಿಕ್ಕಂದಿನಿಂದಲೂ ಬಲವಿರಲಿಲ್ಲ.

ಗಂಡಸರಿಲ್ಲದ ಊರಿನಲ್ಲಿ ಹೆಂಗಸರು ದೋಣಿಗಿಳಿದಾಗ ಉಳಿದಿದ್ದ ಮುದುಕರು ಗೊಣಗಿದ್ದರು. ಹೆಂಗಸು ದೋಣಿ ಹತ್ತಿದರೆ ಮೀನು ಓಡಿಹೋಗುತ್ತದೆ ಎಂದು ಒಬ್ಬ ಹೇಳಿದ್ದಕ್ಕೆ ಮಾರಿವೊನ್, "ನೀನು ಹತ್ತಿದಾಗೇನು ಮೀನು ಹಾಡು ಹೇಳ್ಕೊಂಡು ಬರ್ತಿದ್ವಾ ಮಾವ?" ಎಂದು ಕೇಳಿ ಬಾಯಿ ಮುಚ್ಚಿಸಿದ್ದಳು.

ಹಿಡಿದ ಏಡಿಗಳನ್ನು ಅಜೆನೋರ್ ಬ್ರೆಸ್ಟ್ ಬಂದರಿಗೆ ಒಯ್ದು ಯುದ್ಧದ ಹಡಗುಗಳ ಅಡುಗೆಯವರಿಗೆ ಮಾರುತ್ತಿದ್ದಳು. ಚೌಕಾಸಿ ಮಾಡುತ್ತ, ಅವರ ಪೋಲಿ ಮಾತಿಗೆ ಅಷ್ಟೇ ಪೋಲಿಯಾಗಿ ಉತ್ತರ ಕೊಡುತ್ತ ಸುತ್ತ ನೋಡುತ್ತಿದ್ದಳು. ಯಾವ ಹಡಗಿಗೆ ಹೊಸ ಹಾಯಿ ಏರಿತು, ಯಾವುದಕ್ಕೆ ಸಿಹಿನೀರಿನ ಪೀಪಾಯಿ ಉರುಳುತ್ತಿದೆ, ಯಾವುದರ ನಾವಿಕರು ಸಾಲ ಕೊಟ್ಟವರಿಗೆ ಹೆದರಿ ಅಡಗುತ್ತಿದ್ದಾರೆ. ಹೊರಡುವ ಹಡಗಿನ ಲಕ್ಷಣ ಮದುವೆಮನೆಯ ಲಕ್ಷಣದಂತೆ, ಮುಚ್ಚಿಟ್ಟರೂ ಮುಚ್ಚುವುದಿಲ್ಲ. ಎಲ್ಲವನ್ನೂ ತಲೆಯಲ್ಲಿಟ್ಟುಕೊಂಡು ಮರುದಿನ ಇಂಗ್ಲಿಷರ ಹಡಗಿಗೆ ಏಡಿ ಮಾರಲು ಹೋಗುತ್ತಿದ್ದಳು. ಏಡಿಯ ಜೊತೆ ಕಂಡದ್ದನ್ನೂ ಅಲ್ಲಿ ಒಪ್ಪಿಸುತ್ತಿದ್ದಳು, ಬದಲಿಗೆ ಕೇಳಿದ್ದು ಇಬ್ಬರು ಹುಡುಗರ ಬಿಡುಗಡೆ. ಹಾಗೆ ಹೋಗುವಾಗ ದಡದ ಕೋಟೆಯ ಸಿಪಾಯಿಗಳು ಒಮ್ಮೆ ಗುಂಡು ಹಾರಿಸಿ ಹಾಯಿ ಹರಿದಿದ್ದರು. ಸಿಕ್ಕಿಬಿದ್ದರೆ ಗೋಡೆಗೆ ನಿಲ್ಲಿಸಿ ಗುಂಡಿಕ್ಕಿ ಕೊಲ್ಲುತ್ತಾರೆಂಬುದು ಇಬ್ಬರಿಗೂ ಗೊತ್ತಿತ್ತು. ಆ ಮಾತನ್ನು ಅವರು ಒಮ್ಮೆಯೂ ಆಡಿಕೊಂಡಿರಲಿಲ್ಲ.

ಹಡಗಿನಲ್ಲಿ ಇವರ ಮಾತು ಬರುತ್ತಿದ್ದವನು ಬ್ರೆಹೋ ಒಬ್ಬನೇ, ಗೆರ್ನ್ಸಿ ದ್ವೀಪದ ದುಭಾಷಿ. ಸಂತೆಗಳಲ್ಲಿ ಕಲಿತ ಮಾತು ಅವನದು. ಹಂದಿಯ ಬೆಲೆ ಕೇಳುವಷ್ಟು ಚೆನ್ನಾಗಿ ಬೇರೇನನ್ನೂ ಹೇಳಲಾರ ಎಂದು ಮಾರಿವೊನ್ ಹಾಸ್ಯ ಮಾಡುತ್ತಿದ್ದಳು. ಆ ದಿನ ಅವನು ಹಗ್ಗದ ಏಣಿಯಲ್ಲಿ ಅರ್ಧ ಇಳಿದು ಬಂದು, ಏಡಿ ಆರಿಸುವ ನೆಪದಲ್ಲಿ, ಇವರು ಎರಡು ವರ್ಷದಿಂದ ಕಾಯುತ್ತಿದ್ದ ಮಾತನ್ನು ಹೇಳಿದ. ಹಡಗಿನ ಲೆಫ್ಟಿನೆಂಟ್ ಒಪ್ಪಿದ್ದಾನೆ. ಇಬ್ಬರೂ ಹುಡುಗರನ್ನು ಈ ಹಡಗಿಗೇ ತಂದಿದ್ದಾರೆ. ಈಗ ತೋರಿಸುವಂತಿಲ್ಲ. ಭಾನುವಾರ ಬೆಳಿಗ್ಗೆ ಸಣ್ಣ ದೋಣಿಯಲ್ಲಿ ಇವರ ಊರಿನ ಕೆಳಗಿನ ಕೊಲ್ಲಿಗೆ ಇಳಿಸುತ್ತಾರೆ.

ಮಾರಿವೊನ್ ಚುಕ್ಕಾಣಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಭಾನುವಾರ ಪೂಜೆಯ ಹೊತ್ತಿಗೆ ದಡ ಕಾಯುವ ಸುಂಕದವರೆಲ್ಲ ಇಗರ್ಜಿಯಲ್ಲಿರುತ್ತಾರೆ. ಆದರೆ ಈ ಇಬ್ಬರು ಹೆಂಗಸರೂ ಅಲ್ಲಿ ಕಾಣದಿದ್ದರೆ ಊರು ಕೇಳುತ್ತದೆ. ಹಾಗಾಗಿ ಅಪಾಯವಿದ್ದರೆ ಮಾತ್ರ ಬಟ್ಟೆ ಹರವಿ ಗುರುತು ಕೊಡುವುದೆಂದು ಗೊತ್ತುಮಾಡಿಕೊಂಡರು. ಕಡಲಿಗೆ ಮುಖ ಮಾಡಿದ ಮಾರಿವೊನಳ ಮನೆಯ ಸುಣ್ಣದ ಗೋಡೆ ಹಡಗಿನಿಂದ ಚೆನ್ನಾಗಿ ಕಾಣುತ್ತಿತ್ತು.

"ಯಾವ ಬಟ್ಟೆ ಹಾಕ್ತೀಯ?" ಬ್ರೆಹೋ ಕೇಳಿದ. "ಹೆಂಗಸರ ಮನೆ ಗೋಡೆ ಮೇಲೆ ದಿನಾ ಏನಾದ್ರೂ ಒಂದು ಒಣಗ್ತಾನೇ ಇರುತ್ತೆ."

"ಬೇರೆ ಏನಿದ್ರೂ ಲೆಕ್ಕಕ್ಕಿಲ್ಲ," ಎಂದಳು ಅಜೆನೋರ್. "ಗ್ಲಾಜ್ ಬಣ್ಣದ ಬಟ್ಟೆ ಕಂಡ್ರೆ ಹತ್ತಿರ ಬರಬೇಡಿ, ತಿರುಗಿ ಹೋಗಿ."

ಬ್ರೆಹೋ ಅವಳು ಕಟ್ಟಿಕೊಂಡಿದ್ದ ನೀಲಿ ಏಪ್ರನ್ ನೋಡಿ ತಲೆಯಾಡಿಸಿದ. ಮೇಲೆ ನಿಂತಿದ್ದ ಲೆಫ್ಟಿನೆಂಟ್‌ಗೆ ತನ್ನ ಭಾಷೆಯಲ್ಲಿ ಏನೋ ಹೇಳಿದ. ಅವನೂ ಏಪ್ರನ್ ನೋಡಿದ.

ಶನಿವಾರ ಮಧ್ಯಾಹ್ನ ಊರಿಗೆ ಸಿಪಾಯಿಗಳು ಬಂದರು. ದಳಕ್ಕೆ ಸೇರದೆ ತಲೆತಪ್ಪಿಸಿಕೊಂಡವರನ್ನು ಹುಡುಕುವ ತುಕಡಿ. ದಕ್ಷಿಣದವರು, ಊರಿನ ಮಾತು ಒಂದೂ ಬಾರದವರು. ಬಾವಿಕಟ್ಟೆಯಲ್ಲಿ ಕಪ್ಪೆಚಿಪ್ಪು ಬಿಡಿಸಲು ಹೋಗಿ ಒಬ್ಬ ನಡುವಯಸ್ಸಿನ ಸಿಪಾಯಿ ಅಂಗೈಯನ್ನು ಮೂಳೆ ಕಾಣುವಂತೆ ಕುಯ್ದುಕೊಂಡ. ಉಳಿದವರು ನಗುತ್ತಿದ್ದರು. ಅವನು ಕೈ ಹಿಡಿದುಕೊಂಡು ಸುಮ್ಮನೆ ರಕ್ತ ನೋಡುತ್ತ ನಿಂತಿದ್ದ, ಮನೆಯಿಂದ ಬಹಳ ದೂರ ಬಂದವನ ಹಾಗೆ. ನೀರಿಗೆ ಬಂದಿದ್ದ ಅಜೆನೋರ್ ಕೊಡ ಕೆಳಗಿಟ್ಟಳು. ಗುಲ್ವೆನ್‌ಗೂ ಅಲ್ಲಿ ಯಾರಾದರೂ ಹೀಗೆ ಕಟ್ಟಿರಬಹುದು ಎನ್ನಿಸಿತೋ ಏನೋ, ಸೊಂಟದ ಏಪ್ರನ್ ಬಿಚ್ಚಿ, ಹಲ್ಲಿನಿಂದ ಕಚ್ಚಿ ಪಟ್ಟಿ ಪಟ್ಟಿಯಾಗಿ ಹರಿದು ಅವನ ಕೈಗೆ ಬಿಗಿದಳು. ಅವನು ತನ್ನ ಮಾತಿನಲ್ಲಿ ಏನೋ ಹೇಳಿ ಕೊಡವನ್ನು ಎಡಗೈಯಲ್ಲಿ ಎತ್ತಿ ಅವಳ ತಲೆಯ ಮೇಲಿಟ್ಟ.

ಭಾನುವಾರದ ಹೊತ್ತಿಗೆ ಸಿಪಾಯಿಗಳು ಹೋಗಿಬಿಡುತ್ತಾರೆಂದು ಊರೆಲ್ಲ ಹೇಳಿಕೊಂಡಿತು. ಬೆಳಿಗ್ಗೆ ಗಂಟೆ ಹೊಡೆಯುವಾಗ ಅಜೆನೋರ್ ಗುಡ್ಡದ ದಾರಿಯಿಂದ ಕೆಳಗೆ ನೋಡಿದಳು. ಕೊಲ್ಲಿಯ ಮರಳಿನಲ್ಲಿ, ಪಾಚಿಯ ಬಣವೆಗಳ ಹಿಂದೆ, ಟೋಪಿಗಳು ಕಾಣುತ್ತಿದ್ದವು. ಓಡಿಹೋದ ಹುಡುಗರು ದೋಣಿ ಹಿಡಿಯಲು ಬರುತ್ತಾರೆಂದು ಅವರು ಕಾದು ಕೂತಿದ್ದರು.

ಓಡುತ್ತ ಅವಳು ಮಾರಿವೊನಳ ಮನೆ ಸೇರಿದಾಗ ಮಾರಿವೊನ್ ಬಿಳಿಯ ತಲೆವಸ್ತ್ರ ಕಟ್ಟಿಕೊಳ್ಳುತ್ತಿದ್ದಳು. ಅಜೆನೋರ್ ಬಾಗಿಲಲ್ಲೇ ನಿಂತು ಸಿಪಾಯಿಗಳು ಕೆಳಗಿದ್ದಾರೆ, ಬಟ್ಟೆ ಬೇಕು, ನನ್ನ ಏಪ್ರನ್ ಹರಿದೆ ಎಂದಳು.

"ಉಸಿರಾಡು ಮೊದ್ಲು," ಎಂದ ಮಾರಿವೊನ್ ಪೆಟ್ಟಿಗೆಯ ತಳದಿಂದ ಒಂದು ಹಳೆಯ ಲಂಗ ಎಳೆದಳು. ಅವಳ ಮದುವೆಯ ವರ್ಷ ಸೊಪ್ಪಿನ ರಸದಲ್ಲಿ ಅದ್ದಿ ಬಣ್ಣ ಕಟ್ಟಿದ್ದು, ಮಾಸಿದರೂ ಇನ್ನೂ ಎಳೆಹುಲ್ಲಿನ ಹಸಿರು. "ಇದೂ ಗ್ಲಾಜೇ ತಾನೆ. ನಿನ್ನ ಏಪ್ರನ್‌ಗಿಂತ ದೊಡ್ಡದು. ಕುರುಡನಿಗೂ ಕಾಣುತ್ತೆ."

ಆ ಕರಾವಳಿಯವರಿಗೆ ಆಕಾಶ ಗ್ಲಾಜ್, ಕಡಲು ಗ್ಲಾಜ್, ಮಳೆ ಬಿದ್ದ ಮೇಲೆ ಗುಡ್ಡದ ಹುಲ್ಲೂ ಗ್ಲಾಜ್. ಪೇಟೆಯ ಬಟ್ಟೆಯಂಗಡಿಯಲ್ಲಿ ಹಸಿರಿಗೆ ಬೇರೊಂದು ಮಾತಿತ್ತು. ಮನೆಯಲ್ಲಿ ಸೊಪ್ಪು ಕುದಿಸಿ ಅದ್ದಿದ ಬಟ್ಟೆಗೆ ಆ ಮಾತನ್ನು ಯಾರೂ ಆಡುತ್ತಿರಲಿಲ್ಲ. ಇಬ್ಬರೂ ಸೇರಿ ಲಂಗವನ್ನು ಬಿಳಿ ಗೋಡೆಯ ಮೇಲಿಂದ ಇಳಿಬಿಟ್ಟು, ಗಾಳಿಗೆ ಹಾರದಂತೆ ಕಲ್ಲು ಹೇರಿದರು. ಮಾರಿವೊನ್ ನೆರಿಗೆ ಬಿಡಿಸಿ ನೀಟಾಗಿ ಹರವಿದಳು. ಆಮೇಲೆ, ಇವತ್ತಲ್ಲದಿದ್ದರೆ ಮುಂದಿನ ಭಾನುವಾರ ಬರುತ್ತಾರೆ, ಎರಡು ವರ್ಷ ಕಾದವರಿಗೆ ಒಂದು ವಾರ ಹೆಚ್ಚೇನಲ್ಲ ಎಂದುಕೊಂಡು ಇಬ್ಬರೂ ಇಗರ್ಜಿಗೆ ನಡೆದರು.

ಪಾದ್ರಿಯ ಉಪದೇಶದ ನಡುವೆ ಮೊದಲ ಗುಂಡು ಕೇಳಿಸಿತು. ಆಮೇಲೆ ಒಟ್ಟೊಟ್ಟಿಗೆ ಹಲವು. ಪಾದ್ರಿ ಒಂದು ಕ್ಷಣ ನಿಂತ. ಹೆಂಗಸರ ಸಾಲಿನಲ್ಲಿ ಯಾರೂ ತಲೆಯೆತ್ತಲಿಲ್ಲ. ಅಜೆನೋರ್ ಎದ್ದೇಬಿಡುತ್ತಿದ್ದಳು, ಮಾರಿವೊನ್ ಅವಳ ಮಣಿಕಟ್ಟನ್ನು ಹಿಡಿದು, ಹಲಗೆಗೆ ಒತ್ತಿ, ಹಾಗೇ ಇಟ್ಟುಕೊಂಡಳು. ಈಗ ಎದ್ದು ಓಡಿದರೆ ತಪ್ಪು ಒಪ್ಪಿಕೊಂಡ ಹಾಗೆ. ಪಾದ್ರಿ ದನಿ ಏರಿಸಿ ಮುಂದುವರಿಸಿದ. ಪ್ರಾರ್ಥನೆ ಮುಗಿಯುವವರೆಗೆ, ಹಾಡು ಮುಗಿಯುವವರೆಗೆ, ಎಲ್ಲರೂ ಶಿಲುಬೆಯ ಗುರುತು ಮಾಡಿಕೊಳ್ಳುವವರೆಗೆ ಆ ಕೈ ಸಡಿಲಲಿಲ್ಲ. ಹೊರಗೆ ಬಂದಾಗ ಅಜೆನೋರಳ ಮಣಿಕಟ್ಟಿನಲ್ಲಿ ಬೆರಳುಗಳ ಅಚ್ಚು ಮೂಡಿತ್ತು.

ಸಿಪಾಯಿಗಳ ಸಾರ್ಜೆಂಟ್ ಊರಿನವರನ್ನೆಲ್ಲ ಮರಳಿಗೆ ಕರೆಸಿದ. ಇಂಗ್ಲಿಷರ ದೋಣಿ ತಿರುಗಿ ಓಡಿತ್ತು. ದಡಕ್ಕೆ ಹತ್ತಿರವಾದಾಗ ತಡೆಯಲಾರದೆ ನೀರಿಗೆ ಹಾರಿ ಈಜಿ ಬಂದವನೊಬ್ಬ ಮಾತ್ರ ಗುಂಡು ತಾಗಿ ಪಾಚಿಯ ಮೇಲೆ ಹೆಣವಾಗಿ ಮಲಗಿದ್ದ. ಇಂಗ್ಲಿಷ್ ನಾವಿಕರ ಅಂಗಿ ತೊಡಿಸಿ ಕಳಿಸಿದ್ದರು. ಮುಖ ಬಹಳ ಸೊರಗಿತ್ತು. ಆದರೂ ಮಾಲೊ.

ಇವನು ಯಾರೆಂದು ಗೊತ್ತೇ ಎಂದು ಸಾರ್ಜೆಂಟ್ ಸುಂಕದವನ ಬಾಯಲ್ಲಿ ಕೇಳಿಸಿದ. ಗೊತ್ತೆಂದರೆ, ಶತ್ರುವಿನ ದೋಣಿಯಲ್ಲಿ ಬಂದವನ ಮನೆಯವರಿಗೆ ಏನಾಗುತ್ತದೆಂದು ಮಕ್ಕಳಿಗೂ ತಿಳಿದಿತ್ತು. ದೋಣಿಯಲ್ಲಿ ಇನ್ನಾರಿದ್ದರೆಂದು ಕೇಳುತ್ತಾರೆ. ಅಜೆನೋರಳ ಮನೆಗೂ ಬರುತ್ತಾರೆ. ಮುದುಕನೊಬ್ಬ ಮೊದಲು ತಲೆಯಲ್ಲಾಡಿಸಿದ, ಹೆಂಗಸರು ದೋಣಿ ಹತ್ತಬಾರದೆಂದು ಗೊಣಗಿದ್ದವನೇ. ಅವನ ಪಕ್ಕದವಳು ಅಲ್ಲಾಡಿಸಿದಳು. ಮಾಲೊಗೆ ಅಕ್ಷರ ಕಲಿಸಿದ ಪಾದ್ರಿಯೂ ಅಲ್ಲಾಡಿಸಿದ. ಸರದಿ ಮಾರಿವೊನಳಿಗೆ ಬಂತು.

"ಗೊತ್ತಿಲ್ಲ," ಎಂದಳು ಅವಳು. "ಕಡಲು ತಂದ ಹೆಣಕ್ಕೆ ನಮ್ಮೂರಲ್ಲಿ ಸ್ನಾನ ಮಾಡಿಸಿಯೇ ಮಣ್ಣು ಕೊಡೋದು. ಪರದೇಶಿ ಆದ್ರೂ ಸರಿ. ಸಮುದ್ರಕ್ಕೆ ಹತ್ತಿರದ ಮನೆ ನಂದೇ. ಅಲ್ಲಿಗೆ ತರಿಸಿ," ಎಂದಳು.

ಸಾರ್ಜೆಂಟ್ ಒಪ್ಪಿದ. ಕೈಗೆ ನೀಲಿ ಪಟ್ಟಿ ಕಟ್ಟಿದ್ದ ಸಿಪಾಯಿ ಕರೆಯದೆಯೇ ಮುಂದೆ ಬಂದು ಮಾಲೊನ ಕಾಲುಗಳನ್ನು ಎತ್ತಿಕೊಂಡ. ಏರುದಾರಿಯಲ್ಲಿ ಒಮ್ಮೆಯೂ ಎಡವದೆ, ತಲೆ ಎತ್ತರದಲ್ಲಿರುವಂತೆ ನೋಡಿಕೊಂಡು ಒಯ್ದ. ಹೊಸ್ತಿಲಲ್ಲಿ ಮಾರಿವೊನಳ ಮುಖ ನೋಡಿದವನು ಟೋಪಿ ತೆಗೆದು, ಯಾರಿಗೂ ಏನೂ ಹೇಳದೆ ಇಳಿದು ಹೋದ. ಗೋಡೆಯ ಮೇಲೆ ಲಂಗ ಇನ್ನೂ ಹಾಗೇ ಇತ್ತು.

ಮಾಲೊನನ್ನು ಹೆಸರಿಲ್ಲದವರ ಮೂಲೆಯಲ್ಲಿ ಹೂತರು. ಸಿಪಾಯಿಗಳು ಊರು ಬಿಟ್ಟರು. ಮಾರಿವೊನ್ ಬಾಗಿಲು ಹಾಕಿಕೊಂಡಿದ್ದಳು. ಅಜೆನೋರ್ ಒಬ್ಬಳೇ ದೋಣಿ ನೂಕಿದಳು. ಬುಟ್ಟಿಯಲ್ಲಿ ಒಂದು ಏಡಿಯೂ ಇರಲಿಲ್ಲ. ಯಾರು ದುರ್ಬೀನು ಹಾಕಿದರೂ ಹಾಕಲಿ, ಗುಲ್ವೆನ್ ಬದುಕಿದ್ದಾನೋ ಇಲ್ಲವೋ ತಿಳಿಯದೆ ಇನ್ನೊಂದು ದಿನ ಕಳೆಯಲಾರೆ ಎಂದು ಹೊರಟಿದ್ದಳು.

ಬ್ರೆಹೋ ಏಣಿಯಿಂದ ಇಳಿಯಲಿಲ್ಲ. ಕಟಕಟೆಗೆ ಬಾಗಿ ನಿಂತು ಮಾತಾಡಿದ. ಗುಲ್ವೆನ್ ಬದುಕಿದ್ದಾನೆ. ಭುಜಕ್ಕೆ ಗುಂಡು ತಾಗಿದೆ. ನಿನ್ನೆಯೇ ಬೇರೆ ಹಡಗಿನಲ್ಲಿ ಪ್ಲಿಮತ್‌ಗೆ ವಾಪಸು ಕಳಿಸಿದರು. ಲೆಫ್ಟಿನೆಂಟ್‌ನ ಇಬ್ಬರು ಜನ ಸತ್ತಿದ್ದಾರೆ. ಇವರು ಬೇಕೆಂದೇ ಬಲೆಗೆ ಕೆಡವಿದರೆಂದು ಅವನು ತಿಳಿದಿದ್ದಾನೆ. ಇನ್ನು ಈ ಹಡಗಿನ ಹತ್ತಿರ ಬರಕೂಡದು.

"ಯಾಕೆ ಬಂದ್ರಿ ನೀವು?" ಅಜೆನೋರ್ ಕೇಳಿದಳು. ಅವಳ ದನಿ ಅವಳಿಗೇ ಬೇರೆಯವರದಂತೆ ಕೇಳಿಸಿತು. "ಬರಬೇಡಿ ಅಂತ ಗ್ಲಾಜ್ ಬಟ್ಟೆ ಹಾಕಿದ್ವಲ್ಲ. ಗೋಡೆ ತುಂಬ ಹಾಕಿದ್ವಿ."

"ಎಲ್ಲಿತ್ತು ತಂಗಿ ಗ್ಲಾಜು? ನಾನೇ ದುರ್ಬೀನಲ್ಲಿ ನೋಡ್ದೆ. ಒಂದು ಹುಲ್ಲಿನ ಬಣ್ಣದ ಲಂಗ ಒಣಗ್ತಿತ್ತು, ಅಷ್ಟೇ."

"ಅದೇ."

"ಅದು ಹ್ಯಾಗೆ ಗ್ಲಾಜು? ಗ್ಲಾಜ್ ಅಂದ್ರೆ ನಿನ್ನ ಏಪ್ರನ್. ಇದು." ಅವನು ಹಡಗಿನ ಕೆಳಗಿನ ನೀರಿನತ್ತ ಕೈ ತೋರಿಸಿದ.

"ಅದೂ ಗ್ಲಾಜ್. ಹುಲ್ಲೂ ಗ್ಲಾಜ್. ಎಲ್ಲ ಒಂದೇ."

ಬ್ರೆಹೋ ನೀರನ್ನು ನೋಡಿದ, ದೂರದ ಗುಡ್ಡವನ್ನು ನೋಡಿದ. ನಮ್ಮಲ್ಲಿ ಅವು ಎರಡು ಮಾತು ಎಂದು ಮೆಲ್ಲಗೆ ಹೇಳಿದ. ಲೆಫ್ಟಿನೆಂಟ್‌ಗೆ ಹೇಳಿ ನೋಡುತ್ತೇನೆ, ಆದರೆ ನಂಬುವುದಿಲ್ಲ. ನಾನಾದರೂ ನಂಬುತ್ತಿರಲಿಲ್ಲ ಎಂದ. ಆಮೇಲೆ ತನ್ನ ಕುತ್ತಿಗೆಯ ಉಣ್ಣೆಯ ವಸ್ತ್ರ ಬಿಚ್ಚಿ, ಇದನ್ನು ಪ್ಲಿಮತ್‌ಗೆ ಹೋಗುವ ಮುಂದಿನ ದೋಣಿಯಲ್ಲಿ ನಿನ್ನ ಅಣ್ಣನಿಗೆ ಕಳಿಸುತ್ತೇನೆ ಎಂದು ಎತ್ತಿ ತೋರಿಸಿದ. ಕೈಲಾಗುವುದು ಅಷ್ಟೇ ಇತ್ತು.

ವಾಪಸು ಬರುವಾಗ ಗಾಳಿ ಎದುರಾಯಿತು. ಚುಕ್ಕಾಣಿಗೂ ಹಗ್ಗಕ್ಕೂ ಒಬ್ಬಳೇ ಆಗಿ ಅಜೆನೋರ್ ದಿನವೆಲ್ಲ ಒದ್ದಾಡಿದಳು. ಒಂದೆರಡು ಸಲ ಹಗ್ಗವನ್ನು ಬಿಟ್ಟುಬಿಟ್ಟರಾಯಿತು ಎನ್ನಿಸಿತು. ಬಿಡಲಿಲ್ಲ. ಹೇಳಬೇಕಾದ ಮಾತೊಂದಿತ್ತು, ಅದನ್ನು ಕೇಳಬೇಕಾದವಳು ದಡದಲ್ಲಿದ್ದಳು.

ಸಂಜೆ ಇಳಿಯುವ ಹೊತ್ತಿಗೆ ಮಾರಿವೊನಳ ಬಾಗಿಲು ತೆರೆದಿತ್ತು. ಒಲೆಯ ಮೇಲೆ ಓಟ್ ಹಿಟ್ಟಿನ ಗಟ್ಟಿ ಗಂಜಿ ಕುದಿಯುತ್ತಿತ್ತು. ಮಾರಿವೊನ್ ತಿರುಗಿ ನೋಡಲಿಲ್ಲ, ಸೌಟು ಆಡಿಸುತ್ತಲೇ ಇದ್ದಳು. ಅಜೆನೋರ್ ಗುಲ್ವೆನ್‌ನ ಸಂಗತಿ ಹೇಳಿದಳು. ಅವನು ಇದ್ದಾನೆಂದು ಕೇಳಿ ಮಾರಿವೊನ್ ಶಿಲುಬೆಯ ಗುರುತು ಮಾಡಿಕೊಂಡಳು.

"ಚಿಕ್ಕಮ್ಮ," ಎಂದಳು ಅಜೆನೋರ್. "ಅವರಿಗೆ ಗ್ಲಾಜ್ ಒಂದಲ್ಲವಂತೆ. ಎರಡಂತೆ."

ಸೌಟು ನಿಂತಿತು. "ಯಾವ್ಯಾವುದಂತೆ?"

"ಕಡಲು ಒಂದು. ಹುಲ್ಲು ಒಂದು."

ಮಾರಿವೊನ್ ಬಾಗಿಲಿಗೆ ಬಂದು ನಿಂತಳು. ಹೊರಗೆ ಗುಡ್ಡದ ಹುಲ್ಲು ಇಳಿಜಾರಿನ ಕೊನೆಯವರೆಗೂ ಹಬ್ಬಿತ್ತು, ಅದರ ಅಂಚಿನಿಂದಲೇ ಕಡಲು ಶುರುವಾಗುತ್ತಿತ್ತು. ಅವಳು ಒಮ್ಮೆ ಇದನ್ನು ನೋಡಿದಳು, ಒಮ್ಮೆ ಅದನ್ನು. ಬೆಳಕು ಕಡಿಮೆಯಾಗುವವರೆಗೂ ನೋಡುತ್ತಿದ್ದಳು.

"ಪೆಟ್ಟಿಗೆಯಿಂದ ತೆಗೆದವಳು ನಾನು," ಎಂದಳು ಕೊನೆಗೆ.

"ಹರಿದವಳು ನಾನು."

ಮಾರಿವೊನ್ ಒಳಗೆ ಹೋಗಿ ಗಂಜಿಯ ಬಾಣಲೆಯನ್ನು ಇಳಿಸಿ ಮೇಜಿನ ನಡುವೆ ಇಟ್ಟಳು. ಸೌಟಿನ ಬೆನ್ನಿನಿಂದ ಗಂಜಿಯ ನಡುವೆ ಗುಳಿ ಮಾಡಿ, ಮನೆಯಲ್ಲಿದ್ದ ಬೆಣ್ಣೆಯನ್ನೆಲ್ಲ ಅದರಲ್ಲಿ ಹಾಕಿದಳು. ಅಲ್ಲಿ ಎಲ್ಲರೂ ಒಂದೇ ಬಾಣಲೆಯಿಂದ, ತಂತಮ್ಮ ಕಡೆಯಿಂದ ತಿನ್ನುತ್ತ, ಕೊನೆಗೆ ನಡುವಿನ ಬೆಣ್ಣೆಯನ್ನು ಮುಟ್ಟುವುದು ವಾಡಿಕೆ. ಬೆಣ್ಣೆ ಕರಗಿ ಹೊಂಬಣ್ಣವಾಯಿತು. ಮಾರಿವೊನ್ ಚಮಚದ ತುದಿಯಿಂದ ಗುಳಿಯ ಒಂದು ಬದಿಯನ್ನು ಮೆಲ್ಲಗೆ ಕೆಡವಿದಳು. ಬೆಣ್ಣೆ ಅಜೆನೋರಳ ಕಡೆಗೆ ಹರಿದು ಬಂತು. ಆ ಚಮಚವನ್ನು ಒರೆಸಿ, ಹಿಡಿಯನ್ನು ಮುಂದೆ ಮಾಡಿ, ಅವಳ ಕೈಗೆ ಕೊಟ್ಟಳು.