ಅತ್ತಿಗೆಯ ಎಡಗೆನ್ನೆ

ಡಾಕ್ಟರು ಮಾಡಿದ್ದು ಅಂಥಾ ಘನಂದಾರಿ ಮೋಸವೇನಲ್ಲ, ದೀಪವನ್ನು ಕೊಂಚ ಸರಿಸಿದ್ದರು, ಅಷ್ಟೆ. ಹಾಗೆಂದು ತಮಗೆ ತಾವೇ ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದರು.

ಸುಟ್ಟ ಗಾಯದ ಕಲೆಯ ಕೆಳಗೆ ರೋಗಿಯದೇ ಹೊಟ್ಟೆಯ ಕೊಬ್ಬನ್ನು ಸೂಜಿಯಿಂದ ತುಂಬಿದರೆ ಕಲೆ ತಗ್ಗುತ್ತದೆಯೇ ಎಂಬುದು ಅವರ ಸಂಶೋಧನೆ. ಅದಕ್ಕೆ ಮೊದಲು ಮುಂದೆ ಬಂದವರು ಅವರ ಅತ್ತಿಗೆ. ಒಲೆಯ ಬೆಂಕಿ ಎಡಗೆನ್ನೆಗೆ ತಗುಲಿದ ಮೇಲೆ ಆಕೆ ಕೂದಲನ್ನು ಆ ಕಡೆಗೆ ಇಳಿಬಿಟ್ಟುಕೊಂಡೇ ಓಡಾಡುತ್ತಿದ್ದರು. ತಾಯಿಯಿಲ್ಲದ ಮೈದುನನಿಗೆ ತುತ್ತಿಟ್ಟು ಬೆಳೆಸಿದ ಹೆಂಗಸು.

"ನಂಗೆ ಕೊಬ್ಬು ಜಾಸ್ತಿ ಅಂತ ನಿಮ್ಮಣ್ಣ ಬೈತಾನೇ ಇರ್ತಾರೆ. ಇನ್ನು ಮುಖದಲ್ಲೇ ಕಾಣತ್ತೆ ಬಿಡು" ಎಂದು ನಗುತ್ತಲೇ ಆಪರೇಷನ್ ಮೇಜಿನ ಮೇಲೆ ಮಲಗಿದ್ದರು.

ಆಪರೇಷನ್‌ಗೆ ಮುಂಚಿನ ಫೋಟೊವನ್ನು ಡಾಕ್ಟರೇ ತೆಗೆದಿದ್ದರು. ದೀಪ ಪಕ್ಕದಲ್ಲಿತ್ತು, ಕಲೆಯ ಒಂದೊಂದು ಉಬ್ಬಿಗೂ ನೆರಳು ಬಿದ್ದಿತ್ತು. ತಿಂಗಳುಗಳ ನಂತರ ಮತ್ತೆ ಅದೇ ಜಾಗದಲ್ಲಿ ದೀಪವಿಟ್ಟು ತೆಗೆದರೆ, ಅದೇ ಕೆನ್ನೆ, ಅವೇ ಉಬ್ಬುಗಳು. ಮುಟ್ಟಿದರೆ ಸ್ವಲ್ಪ ಮೆತ್ತಗಾಗಿತ್ತು, ನಿಜ. ಆದರೆ ಬೆರಳಿಗೆ ತಿಳಿದದ್ದನ್ನು ಸರ್ಜನ್‌ಗಳ ಸಭೆಗೆ ತೋರಿಸುವುದು ಹೇಗೆ? ಡಾಕ್ಟರು ದೀಪವನ್ನು ಎದುರಿಗೆ ತಂದಿಟ್ಟು ಇನ್ನೊಂದು ಫೋಟೊ ತೆಗೆದರು. ನೆರಳಿನ ಜೊತೆಗೆ ಕಲೆಯೂ ಮುಕ್ಕಾಲು ಪಾಲು ಮಾಯವಾಯಿತು. ಓದಿದವರ ಕಣ್ಣಿಗೆ ಮಣ್ಣೆರಚಲು ಇಷ್ಟು ಸಾಕು.

ಎರಡೂ ಫೋಟೊ ನೋಡಿ ಅತ್ತಿಗೆ ಕಣ್ಣೊರೆಸಿಕೊಂಡರು.

"ಕನ್ನಡೀಲಿ ನಂಗೆ ಗೊತ್ತೇ ಆಗಿರ್ಲಿಲ್ಲ ಕಣೋ. ದಿನಾ ನೋಡೋ ಮುಖ ಅಲ್ವಾ, ಅದಕ್ಕೇ ಇರ್ಬೇಕು."

ನಿಜ ಹೇಳಿಬಿಡಬೇಕೆಂದು ಡಾಕ್ಟರಿಗೆ ಅನ್ನಿಸಿತು. ಆದರೆ ಎರಡೂ ಫೋಟೊಗಳನ್ನು ಫೈಲಿಗೆ ಸೇರಿಸಿಟ್ಟರು.

ಸರ್ಜನ್‌ಗಳ ಸಭೆಯಲ್ಲಿ, ಕತ್ತಲಾಗಿಸಿದ ಹಾಲ್‌ನ ತೆರೆಯ ಮೇಲೆ ಆ ಎರಡು ಕೆನ್ನೆಗಳು ಅಕ್ಕಪಕ್ಕ ಮೂಡಿದಾಗ ಜೋರು ಚಪ್ಪಾಳೆ ಬಿತ್ತು. ಪ್ರಶ್ನೋತ್ತರಕ್ಕೆಂದು ಯಾರೋ ಕಿಟಕಿಯ ಪರದೆ ಸರಿಸಿದರು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅತ್ತಿಗೆ ಕೂತಿದ್ದರು. ಯಾರೂ ಕರೆದಿರಲಿಲ್ಲ. ಕೂದಲನ್ನೆಲ್ಲ ಹಿಂದಕ್ಕೆ ಬಾಚಿ ಗಂಟು ಹಾಕಿದ್ದರು, ಕಿವಿಗೆ ಹೊಸ ಓಲೆ.

"ಆ ಪೇಷೆಂಟ್ ಈಗ ಹೇಗಿದಾರೆ?" ಎಂದು ಹಿರಿಯ ಸರ್ಜನ್ ಒಬ್ಬರು ಕೇಳಿದರು.

ಅತ್ತಿಗೆ ಎದ್ದು ನಿಂತೇಬಿಟ್ಟರು. "ನಾನೇ ಸರ್ ಅದು! ಇವ್ನು ನನ್ನ ಮೈದುನ. ಎಲ್ರೂ ನೋಡ್ಲಿ ಅಂತಾನೇ ಬಂದೆ."

ಕಿಟಕಿಯ ಬೆಳಕು ಪಕ್ಕದಿಂದ ಬೀಳುತ್ತಿತ್ತು. ಕಲೆಯ ಒಂದೊಂದು ಉಬ್ಬಿಗೂ ನೆರಳಿತ್ತು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಆ ಹಿರಿಯ ಸರ್ಜನ್ ಒಮ್ಮೆ ತೆರೆಯನ್ನು, ಒಮ್ಮೆ ಅತ್ತಿಗೆಯ ಕೆನ್ನೆಯನ್ನು ನೋಡಿ, ಕನ್ನಡಕ ತೆಗೆದು ಒರೆಸತೊಡಗಿದರು. ಅತ್ತಿಗೆ ನಗುತ್ತಲೇ ಮೈದುನನ ಕಡೆ ತಿರುಗಿದರು. ಡಾಕ್ಟರಿಗೆ ತಲೆಯೆತ್ತಲಾಗಲಿಲ್ಲ.

"ಎರಡು ಫೋಟೊಗೂ ಬೆಳಕು ಒಂದೇ ಥರ ಇರ್ಲಿಲ್ಲ" ಎಂದರು ಮೈಕಿನಲ್ಲಿ. "ದೀಪ ಸರಿಸಿದ್ದು ನಾನೇ. ಈ ಸಂಶೋಧನೇನ ವಾಪಸ್ ತಗೋತೀನಿ."

ಅಷ್ಟರಲ್ಲಿ ಅತ್ತಿಗೆಯ ಕೈ ಗಂಟಿನ ಕಡೆ ಹೋಗಿತ್ತು. ಕೂದಲು ಎಡಗೆನ್ನೆಯ ಮೇಲೆ ಇಳಿಯಿತು. ಅವರು ಬಾಗಿಲತ್ತ ನಡೆದರು.

ಡಾಕ್ಟರು ಓಡಿಹೋಗಿ ಮೆಟ್ಟಿಲ ಬಳಿ ಅವರನ್ನು ಹಿಡಿದರು. "ತಪ್ಪಾಯ್ತು ಅತ್ತಿಗೆ. ಬೈದ್ಬಿಡಿ."

ಅತ್ತಿಗೆ ಓಲೆಗಳನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡರು.

"ಬರೋವಾಗ ಬಸ್ಸಲ್ಲಿ ಎಲ್ಲಾ ನನ್ನೇ ನೋಡ್ತಿದ್ರು ಕಣೋ" ಎಂದರು. "ಚೆನ್ನಾಗಿ ಕಾಣ್ತಿದೀನಿ ಅಂದ್ಕೊಂಡೆ."