ಹವಾಮಾನ ಇಲಾಖೆಯ ಹೆಂಡತಿ

ಬೀದಿಯವರು ಅವನಿಗೆ ಹವಾಮಾನ ಇಲಾಖೆ ಎಂದು ಹೆಸರಿಟ್ಟಿದ್ದರು. ಕೊಡೆ ಅಂಗಡಿ ಇಟ್ಟವನಿಗೆ ಮುಗಿಲಿನ ಮೇಲೆ ಒಂದು ಕಣ್ಣಿರುವುದು ಸಹಜ. ಇವನಿಗೆ ಎರಡೂ ಕಣ್ಣು ಅಲ್ಲೇ. ಅದೂ ತಲೆಯ ಮೇಲಿನ ಮುಗಿಲಲ್ಲ. ಸಮುದ್ರದಾಚೆಯ, ತಾನು ಎಂದೂ ಕಾಲಿಡದ ದೇಶವೊಂದರ ಮುಗಿಲು. ಆ ದೇಶದಲ್ಲಿ ಅವನ ಹೆಂಡತಿಯ ಅಕ್ಕ ತನ್ನ ಮಗನ ಮನೆಯಲ್ಲಿದ್ದಳು.

ಹಿಂದಿನ ವರ್ಷವೇ ಅಕ್ಕನ ಮಗ ಫೋನ್ ಮಾಡಿ ಹೇಳಿದ್ದ. "ಚಿಕ್ಕಮ್ಮ, ನೀವಿಬ್ಬರೂ ಯಾವಾಗ ಬರ್ತೀರಿ ಅಷ್ಟು ಹೇಳಿ, ಟಿಕೆಟ್ ನಾನು ಕಳಿಸ್ತೀನಿ. ಅಮ್ಮನಿಗೆ ಮರೆವು ಜಾಸ್ತಿಯಾಗ್ತಿದೆ. ನಿನ್ನೆ ನನ್ನನ್ನೇ ಕೊಳಾಯಿ ರಿಪೇರಿಯವನು ಅಂದ್ಕೊಂಡು ನಲ್ಲಿ ತೋರಿಸಿದಳು." ಹೇಳಿ ನಕ್ಕ.

ಹೆಂಡತಿಗೆ ಬೇಕಾಗಿದ್ದು ಇಷ್ಟೇ: ಅಕ್ಕ ತನ್ನನ್ನು ಪೂರ್ತಿ ಮರೆಯುವುದಕ್ಕೆ ಮೊದಲು ಹೋಗಿ ಅವಳೆದುರು ಕೂರಬೇಕು. ಇಲಾಖೆಗೆ ಬೇಕಾಗಿದ್ದು ಒಳ್ಳೆಯ ಕಾಲ.

"ಯಾವುದೇ ದೇಶ ನೋಡೋಕೆ ಒಂದು ಕಾಲ ಅಂತಿರುತ್ತೆ. ಕಾಲ ತಪ್ಪಿ ಹೋದವರು ಹೋಗಿ ಬಂದೂ ಹೋಗದೇ ಇದ್ದ ಹಾಗೆ," ಎಂದು ಅವನು ಕೊಡೆ ಕೊಳ್ಳಲು ಬಂದವರಿಗೆಲ್ಲ ಉಪದೇಶ ಮಾಡುತ್ತಿದ್ದ. ಪಾಪ, ಬಂದವರು ಮಳೆ ನಿಲ್ಲುವ ತನಕ ಕೇಳಿಸಿಕೊಳ್ಳಲೇಬೇಕು.

ಇಲ್ಲಿ ಮಳೆಗಾಲ ಹಿಡಿಯಿತು. ಅಲ್ಲಿ ಆಗ ಬಿಸಿಲು, ನೆತ್ತಿ ಸುಡುತ್ತದೆ ಎಂದ. ಮಳೆ ಮುಗಿದು, ಮುರಿದ ಕೊಡೆಗಳು ರಿಪೇರಿಗೆ ಬಂದು ಬಾಗಿಲಲ್ಲಿ ರಾಶಿ ಬಿದ್ದವು. ಅಲ್ಲಿ ಆಗ ಎಲೆ ಉದುರುತ್ತದೆ, ಬೋಳು ಮರ ನೋಡಲು ಅಷ್ಟು ದೂರ ಹೋಗಬೇಕೇ ಎಂದ. ಮುಂದಿನ ಮಳೆಗಾಲಕ್ಕೆ ಮುಂಚೆ ಹೊಸ ಸರಕು ತಯಾರಾಗಬೇಕಿತ್ತು. ಅಲ್ಲಿ ಆಗ ಹೂ ಬಿಡುವ ಕಾಲ. ಅದಕ್ಕೇನು ಕೊಕ್ಕೆ ಹಾಕುತ್ತಾನೋ ಎಂದು ಪಕ್ಕದ ಗಡಿಯಾರ ರಿಪೇರಿಯವನು ಕಿವಿ ನಿಮಿರಿಸಿಕೊಂಡು ಕಾದ. ಇಲಾಖೆ ಸೋಲಲಿಲ್ಲ. "ಹೂವಿನ ಧೂಳಿಗೆ ಸೀನು ಬರುತ್ತಂತೆ," ಎಂದ.

ಅಂಗಡಿಯಲ್ಲಿ ಕೆಲಸ ಹೆಚ್ಚಿದಾಗಲೆಲ್ಲ ಸಮುದ್ರದಾಚೆ ಹವೆ ಕೆಡುತ್ತಿತ್ತು. ಕೆಲಸವಿಲ್ಲದೆ ನೊಣ ಹೊಡೆಯುವ ಚಳಿಯ ದಿನಗಳಲ್ಲಿ ಅಲ್ಲಿ ಹಿಮ. ಹಿಮವೆಂದರೆ ಕೇಳುವುದೇ ಬೇಡ. ಅವನು ಸುಳ್ಳು ಹೇಳುತ್ತಿದ್ದನೆಂದಲ್ಲ. ಸುಳ್ಳು ಹೇಳುವವನಿಗೆ ತಾನು ಹೇಳುತ್ತಿರುವುದು ಏನೆಂದಾದರೂ ಗೊತ್ತಿರುತ್ತದೆ.

ಅಂಗಡಿಯ ಹಿಂಭಾಗದಲ್ಲಿ ಹೆಂಡತಿ ಕೂರುತ್ತಿದ್ದಳು. ಕರಿ ಬಟ್ಟೆಯನ್ನು ಮೂರು ಮೂಲೆಯ ತುಂಡುಗಳಾಗಿ ಕತ್ತರಿಸುವುದು, ಅಂಚು ಮಡಿಸಿ ಜೋಡಿಸುವುದು, ಆಮೇಲೆ ಒಂದೊಂದೇ ಕಡ್ಡಿಗೆ ಸೂಜಿಯಲ್ಲಿ ಬಿಗಿಯುವುದು, ಎಲ್ಲ ಅವಳ ಕೈಯದೇ. ಇಲಾಖೆ ಹಿಡಿಕೆ ಸಿಕ್ಕಿಸುತ್ತಿದ್ದ. ಉಳಿದದ್ದು ಬಾಯಿ.

ಅವಳು ವಾರಕ್ಕೊಮ್ಮೆ ಅಕ್ಕನಿಗೆ ಫೋನ್ ಮಾಡುತ್ತಿದ್ದಳು. ಚಿಕ್ಕವರಿದ್ದಾಗ ಅಪ್ಪ ಓದುತ್ತಿದ್ದ ಕಾವ್ಯವನ್ನು ಇಬ್ಬರೂ ಕೇಳಿ ಕೇಳಿಯೇ ಬಾಯಿಪಾಠ ಮಾಡಿದ್ದರು. ಇವಳೊಂದು ಸಾಲು ಎತ್ತಿಕೊಂಡರೆ ಅಕ್ಕ ಮುಂದಿನದನ್ನು ಹಿಡಿಯುವಳು. ಮಗನ ಹೆಸರು ತಪ್ಪಿದ ದಿನವೂ ಅಕ್ಕನಿಗೆ ಸಾಲು ತಪ್ಪಿರಲಿಲ್ಲ.

ಚಳಿಗಾಲದ ಒಂದು ಮಧ್ಯಾಹ್ನ ಇವಳು ಸಾಲು ಹೇಳಿ ಕಾದಳು. ಆಚೆಯಿಂದ ಉಸಿರಷ್ಟೇ ಕೇಳಿಸಿತು. ಇನ್ನೊಮ್ಮೆ, ನಿಧಾನವಾಗಿ ಹೇಳಿದಳು.

"ಚೆನ್ನಾಗಿ ಹೇಳ್ತೀರಿ," ಎಂದಳು ಅಕ್ಕ, ಪರಿಚಯವಿಲ್ಲದವರೊಡನೆ ಆಡುವ ಮರ್ಯಾದೆಯ ದನಿಯಲ್ಲಿ. "ಯಾರ ಮನೆಯವರಮ್ಮಾ ನೀವು?"

ಹೆಂಡತಿ ಫೋನ್ ಇಟ್ಟಳು. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಬೀದಿಗೆ ಬಂದು, ಅಕ್ಕನ ಮಗನಿಗೆ ಅಲ್ಲಿಂದಲೇ ಫೋನ್ ಹಚ್ಚಿದಳು.

"ನನ್ನೊಬ್ಬಳಿಗೇ ಟಿಕೆಟ್ ಕಳಿಸು. ಈ ವಾರವೇ."

"ಈಗ ಇಲ್ಲಿ ಹಿಮ ಬೀಳ್ತಿದೆ, ಚಿಕ್ಕಮ್ಮ."

"ಮನೆಯೊಳಗೂ ಬೀಳುತ್ತಾ?"

"ಇಲ್ಲ."

"ಹಾಗಾದ್ರೆ ಕಳಿಸು."

ಇಲಾಖೆಗೆ ಇದು ಗೊತ್ತಾದದ್ದು ಅವಳು ಹಳೆಯ ಸ್ವೆಟರನ್ನು ಬಿಸಿಲಿಗೆ ಹಾಕಿದಾಗ. "ಏನೇ ಇದು? ಹಿಮಗಾಲದಲ್ಲಿ ಯಾರಾದ್ರೂ ಹೋಗ್ತಾರಾ? ಏನಿರುತ್ತೆ ಅಲ್ಲಿ ನೋಡೋಕೆ?"

"ಅಕ್ಕ ಇರ್ತಾಳೆ."

"ಇನ್ನು ನಾಲ್ಕು ತಿಂಗಳು ತಡಿ. ಒಳ್ಳೆ ಕಾಲ ಬರುತ್ತೆ, ಇಬ್ಬರೂ ಹೋಗೋಣ."

"ಆಗ ಸೀನು ಬರುತ್ತೆ ಅಂದಿದ್ರಲ್ಲ."

ಅವನು ಒಳಗೆ ಕತ್ತರಿಸಿಟ್ಟ ಬಟ್ಟೆಯ ರಾಶಿಯನ್ನೂ, ಬರಿಯ ಎಲುಬಿನಂತೆ ನೇತಾಡುತ್ತಿದ್ದ ಕಡ್ಡಿಗಳನ್ನೂ ನೋಡಿದ. "ಅಲ್ಲ, ಹೊಸ ಸರಕಿಗೆ ಬಟ್ಟೆ ಹೊಲಿಯೋರು ಯಾರು?" ಎಂದ.

ಗಡಿಯಾರದವನು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದು ಈ ಕಡೆ ತಿರುಗಿದ. "ಅಂತೂ ಇಲಾಖೆಯಿಂದ ಮೊದಲನೇ ಸಲ ನಿಜವಾದ ವರದಿ ಬಂತು ನೋಡಿ."

ಹೆಂಡತಿ ನಗಲಿಲ್ಲ. ಅವಳಿಗೆ ಅದು ಹೊಸ ಸುದ್ದಿಯಾಗಿರಲಿಲ್ಲ. ಸೂಜಿ ನೂಲು ಎಲ್ಲಿದೆಯೆಂದು ಗಂಡನಿಗೆ ತೋರಿಸಿ ಹೊರಟಳು.

ಅಲ್ಲಿ ತಲುಪಿದ ಮೊದಲ ದಿನ ಅಕ್ಕ ಅವಳನ್ನು ಹೊಸ ನರ್ಸ್ ಎಂದುಕೊಂಡು, ಔಷಧಿ ಕಹಿಯಾಗಿದೆ ಎಂದು ದೂರಿದಳು. ಅಡುಗೆಮನೆಯಲ್ಲಿ ಅಕ್ಕನ ಮಗ ಚಿಕ್ಕಮ್ಮನ ಮುಖ ನೋಡದೆ ಪಾತ್ರೆ ಒರೆಸುತ್ತ ಹೇಳಿದ. "ಹೋದ ವರ್ಷ ದಿನಾ ನಿಮ್ಮನ್ನೇ ಕೇಳ್ತಿದ್ದಳು. ಬಾಗಿಲು ಬಡಿದ ಸದ್ದಾದ್ರೆ ನೀವೇ ಬಂದ್ರಿ ಅಂತಿದ್ದಳು." ಹೋದ ವರ್ಷ ಎಲೆ ಉದುರುವುದನ್ನು, ಹೂ ಬಿಡುವುದನ್ನು ಊರಿನ ಕೊಡೆ ಅಂಗಡಿಯಲ್ಲಿ ಒಬ್ಬ ಕೂತು ಎಣಿಸುತ್ತಿದ್ದನೆಂದು ಅವಳು ಹುಡುಗನಿಗೆ ಹೇಗೆ ಹೇಳುವುದು?

ಮರುದಿನವೂ ಅಕ್ಕನಿಗೆ ಅವಳು ನರ್ಸೇ. ಆದರೆ ಅದರ ಮಾರನೆಯ ಬೆಳಿಗ್ಗೆ ಅಕ್ಕ ಮಂಚದ ಮೇಲೆ ಕೂತು, ಎದುರು ನಿಂತವಳನ್ನು ಅಡಿಯಿಂದ ಮುಡಿಯ ತನಕ ನೋಡಿ ಮುಖ ಸಿಂಡರಿಸಿದಳು.

"ಏನೇ ಇದು ತಲೆ? ಹೀಗೇ ಸ್ಕೂಲಿಗೆ ಹೋಗ್ತೀಯಾ? ಬಾ ಇಲ್ಲಿ."

ಅವಳು ಹೋಗಿ ನೆಲದ ಮೇಲೆ, ಅಕ್ಕನ ಕಾಲಿಗೆ ಒರಗಿ ಕೂತಳು. ಅಕ್ಕ ಆ ನರೆತ, ತೆಳುವಾದ ಕೂದಲನ್ನು ನಡುವೆ ಬೈತಲೆ ತೆಗೆದು ಎರಡು ಪಾಲು ಮಾಡಿದಳು. ಬೆರಳುಗಳು ಒಂದೂ ತಪ್ಪಲಿಲ್ಲ. ಜಡೆ ಎಳೆದ ಬಿಗಿಗೆ ತಂಗಿಯ ಕಣ್ಣಲ್ಲಿ ನೀರು ಬಂತು.

ಫೋನ್ ಬಡಿದುಕೊಂಡಿತು. ತಂಗಿ ಕುತ್ತಿಗೆ ಅಲುಗಿಸದೆ ಕೈಚಾಚಿ ಎತ್ತಿಕೊಂಡಳು.

"ಹೇಗಿದೆ ಅಲ್ಲಿ?" ಎಂದ ಇಲಾಖೆ. "ತುಂಬಾ ಹಿಮವೇ? ನಾನು ಹೇಳಿರಲಿಲ್ವಾ?"

"ಯಾರೇ ಅದು?" ಎಂದಳು ಅಕ್ಕ.

"ಯಾರೋ. ಹವೆ ಹೇಗಿದೆ ಅಂತ ಕೇಳ್ತಿದ್ದಾರೆ."

"ಕೆಲಸವಿಲ್ಲದವರು," ಎಂದಳು ಅಕ್ಕ. "ಇಡು ಫೋನು. ಇನ್ನೊಂದು ಜಡೆ ಬಾಕಿ ಇದೆ."